ಚಲನಚಿತ್ರವನ್ನು ನೋಡುವ ವಿದ್ಯೆ

ಪುಸ್ತಕವನ್ನು ಓದುವುದಕ್ಕೆ ಅಕ್ಷರಜ್ಞಾನವು ಅವಶ್ಯಕವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಚಲನಚಿತ್ರವನ್ನು ನೋಡುವುದಕ್ಕೆ ಕಣ್ಣಿದ್ದರೆ ಸಾಕೆಂದು ಬಹುಮಂದಿ ಭಾವಿಸಿರುವರು. ಈ ಭಾವನೆಯು ಸರಿಯಲ್ಲವೆಂಬುದೇ ನಮ್ಮ ಈ ಪಾಠದ ಮೊದಲನೆಯ ಮಾತು. ಅಜ್ಜಿಯು ಕಥೆ ಹೇಳುವಾಗ ಮಗುವಿಗೆ ಕಥೆಯೂ ಕೇಳಿಸುವುದು, ಅಜ್ಜಿಯೂ ಕಾಣಿಸುವಳು. ಇದು ಅಜ್ಜಿ ಹೇಳಿದ ಕಥೆಯೆಂಬ ತಿಳಿವಳಿಕೆ ಮಗುವಿಗೆ ಇದ್ದೇ ಇರುವುದು. ಚಲನಚಿತ್ರದಲ್ಲಿಯಾದರೋ ಹೇಳುವವರು ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಪರದೆಯ ಮೇಲೆ ತೋರಿದುದೆಲ್ಲವೂ ತಾನಾಗಿಯೇ ನಡೆದುದೆಂದು ಮನಸ್ಸು ನಂಬಿಬಿಡುವುದು. ಇದನ್ನು ಆರಿಸಿ ತೋರಿಸಿದವರು ಯಾರು? ತೋರಿಸದೆ ಬಿಟ್ಟುದು ಏನು? ಈ ಎರಡು ಪ್ರಶ್ನೆಗಳನ್ನು ಕೇಳಬಲ್ಲವರಿಗೆ ಚಿತ್ರವನ್ನು ಓದುವ ಅಕ್ಷರಾಭ್ಯಾಸವಾಯಿತೆಂದು ಹೇಳಬಹುದು.

ಇದಕ್ಕೆ ನಿದರ್ಶನಗಳನ್ನು ದೂರದ ಊರುಗಳಿಂದ ತರಬೇಕಾದುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ಸೀಮೆಗಳು ಹೊಗೆಸೊಪ್ಪಿಗೂ ಬತ್ತಕ್ಕೂ ಕಾಡಿಗೂ ಹೆಸರಾದುವು. ಸಿನಿಮಾಕ್ಕೆ ಹೆಸರಾದುವೆಂದು ಯಾರೂ ಹೇಳರು. ಆದರೂ ಲೋಕವೆಲ್ಲ ನೋಡಿದ ಒಂದು ಚಿತ್ರವು ಕೋಟೆಯ ಕಾಡಿನಲ್ಲಿ ಹುಟ್ಟಿತು. ಕನ್ನಡ ಚಿತ್ರದ ಬಾಲ್ಯದಲ್ಲಿ ದುಡಿದ ನಟರೊಬ್ಬರು ಹುಣಸೂರಿನ ಕಡೆಯಿಂದ ಹೊರಟರು. ಕನ್ನಡದ ಬಹು ದೊಡ್ಡ ನಿರ್ದೇಶಕರಲ್ಲೊಬ್ಬರು ಪಿರಿಯಾಪಟ್ಟಣದ ಹಳ್ಳಿಯಲ್ಲಿ ಜನಿಸಿದರು. ಈ ಮೂವರನ್ನೂ, ಕೃಷ್ಣರಾಜನಗರದ ಬಳಿಯ ಒಂದು ಜಲಪಾತವನ್ನೂ ಮುಂದಿಟ್ಟುಕೊಂಡು ಪಾಠವನ್ನು ನಡೆಸುವೆವು.

ಚಿತ್ರವು ಚಲಿಸುವ ಬಗೆ

ಚಲನಚಿತ್ರದಲ್ಲಿ ಯಾವ ಚಿತ್ರವೂ ಚಲಿಸುವುದಿಲ್ಲ. ಕ್ಯಾಮೆರಾವು ಒಂದು ಸೆಕೆಂಡಿಗೆ ೨೪ ನಿಶ್ಚಲಚಿತ್ರಗಳನ್ನು ತೆಗೆಯುವುದು. ಅದೇ ವೇಗದಲ್ಲಿ ಅವುಗಳನ್ನು ಪರದೆಯ ಮೇಲೆ ತೋರಿಸಿದಾಗ ನಮ್ಮ ಕಣ್ಣೂ ಮಿದುಳೂ ಸೇರಿ ಅವುಗಳನ್ನು ಒಂದೇ ಚಲನೆಯಾಗಿ ಗ್ರಹಿಸುವುವು. ಹೀಗೆ ಒಂದು ನಿಮಿಷಕ್ಕೆ ೧,೪೪೦ ಚಿತ್ರಗಳು, ೮೦ ನಿಮಿಷಗಳ ಕಥೆಗೆ ೧,೧೫,೨೦೦ ಚಿತ್ರಗಳು ಬೇಕಾಗುವುವು. ರೀಲಿನ ಕಾಲದಲ್ಲಿ ಒಂದು ಅಡಿ ಫಿಲ್ಮಿಗೆ ೧೬ ಚಿತ್ರಗಳಂತೆ ಇದಕ್ಕೆ ೭,೨೦೦ ಅಡಿ ಫಿಲ್ಮು ಹಿಡಿಯುತ್ತಿತ್ತು. ಇಂದು ಫಿಲ್ಮಿನ ಸ್ಥಾನದಲ್ಲಿ ವಿದ್ಯುನ್ಮಾನ ಯಂತ್ರಗಳು ಬಂದಿವೆ. ಲೆಕ್ಕವು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಕಣ್ಣಿಗೆ ತೋರುವ ಚಲನೆಯೇ ಒಂದು ಕಟ್ಟಡವೆಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಡಬೇಕು. ಕಟ್ಟಡವೆಂದ ಮೇಲೆ ಕಟ್ಟಿದವರೂ ಇರಲೇಬೇಕಷ್ಟೆ.

ಚಿತ್ರಗಳ ಜಾತಿಗಳು

ಕಾವ್ಯದಲ್ಲಿ ಹೇಗೆ ಹಲವು ಪ್ರಕಾರಗಳುಂಟೋ ಹಾಗೆಯೇ ಚಿತ್ರಗಳಲ್ಲಿಯೂ ಉಂಟು. ಕನ್ನಡದಲ್ಲಿ ತೆರೆಕಂಡ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ (೧೯೩೪) ಪೌರಾಣಿಕ. ವೈ. ವಿ. ರಾವ್ ಅವರು ಅದನ್ನು ನಿರ್ದೇಶಿಸಿದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಅದಕ್ಕೆ ಮಾತನ್ನೂ ಹಾಡನ್ನೂ ಬರೆದರು. ಚಿತ್ರೀಕರಣವು ನಡೆದುದು ಕೊಲ್ಹಾಪುರದ ಸ್ಟುಡಿಯೋ ಒಂದರಲ್ಲಿ. ಎರಡು ವರ್ಷಗಳ ತರುವಾಯ ಬಂದ ಎಚ್. ಎಲ್. ಎನ್. ಸಿಂಹರ ‘ಸಂಸಾರ ನೌಕೆ’ (೧೯೩೬) ಸಾಮಾಜಿಕ. ದೇವತೆಗಳಿಲ್ಲದೆ ಸಾಧಾರಣ ಮನೆಯೊಂದರ ಸುಖದುಃಖವನ್ನು ಅದು ಹೇಳಿತು. ಇವಲ್ಲದೆ ಐತಿಹಾಸಿಕ, ಜಾನಪದ, ಹಾಸ್ಯ, ಸಾಹಸ ಎಂಬ ಜಾತಿಗಳೂ, ನಡೆದ ಸಂಗತಿಯನ್ನೇ ಹಿಡಿದು ತೋರಿಸುವ ಸಾಕ್ಷ್ಯಚಿತ್ರವೆಂಬ ಜಾತಿಯೂ ಇರುವುವು.

ಜಾತಿಯನ್ನು ಗುರುತಿಸುವುದರಿಂದ ಬರುವ ಪ್ರಯೋಜನವೇನು? ಪ್ರತಿಯೊಂದು ಜಾತಿಯೂ ನೋಡುವವರೊಡನೆ ಒಂದು ಒಪ್ಪಂದವನ್ನು ಮಾಡಿಕೊಳ್ಳುವುದು. ಪೌರಾಣಿಕದಲ್ಲಿ ಆಕಾಶಮಾರ್ಗದಲ್ಲಿ ರಥವು ಹೋದರೆ ನಾವು ಆಕ್ಷೇಪಿಸುವುದಿಲ್ಲ. ಸಾಮಾಜಿಕದಲ್ಲಿ ಬಡವನ ಮನೆಯ ಹೆಣ್ಣು ಒಂದೇ ದಿನದಲ್ಲಿ ನಾಲ್ಕು ರೇಷ್ಮೆ ಸೀರೆಗಳನ್ನು ಉಟ್ಟರೆ ಆಕ್ಷೇಪಿಸಲೇಬೇಕು. ಸಾಕ್ಷ್ಯಚಿತ್ರವು ‘ಇದು ನಡೆದುದು’ ಎಂದು ಮಾತು ಕೊಡುವುದರಿಂದ ಅದನ್ನು ಎಲ್ಲಕ್ಕಿಂತಲೂ ಹೆಚ್ಚು ಎಚ್ಚರದಿಂದ ನೋಡಬೇಕು. ಚಿತ್ರವು ತಾನು ಕೊಟ್ಟ ಮಾತಿಗೆ ತಪ್ಪಿತೇ ಇಲ್ಲವೇ ಎಂಬುದೇ ಗುಣದೋಷ ವಿಮರ್ಶೆಯ ಮೊದಲ ಮೆಟ್ಟಲು.

ಕಾರಾಪುರದ ಬಾಲಕನೂ ಇಬ್ಬರು ನಿರ್ದೇಶಕರೂ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಪಿಲಾ ನದಿಯ ದಡದ ಕಾರಾಪುರದಲ್ಲಿ ೧೯೨೪ರಲ್ಲಿ ಸಾಬು ಎಂಬ ಬಾಲಕನು ಜನಿಸಿದನು. ತಂದೆಯು ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಂದೆಯನ್ನು ಕಳೆದುಕೊಂಡ ಬಾಲಕನು ಆನೆಯ ಲಾಯದಲ್ಲಿಯೇ ಬೆಳೆದನು. ೧೯೩೫ರ ಸುಮಾರಿನಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕರು ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರವಾಗಿ ತೆಗೆಯಲು ಮೈಸೂರಿಗೆ ಬಂದಾಗ ಕಥಾನಾಯಕನಾದ ತೂಮಾಯಿಯ ಪಾತ್ರಕ್ಕೆ ಈ ಬಾಲಕನನ್ನೇ ಆರಿಸಿಕೊಂಡರು. ೧೯೩೭ರಲ್ಲಿ ತೆರೆಕಂಡ ಆ ಚಿತ್ರವೇ ‘ಎಲಿಫೆಂಟ್ ಬಾಯ್’.

ಈ ಒಂದು ಚಿತ್ರದಲ್ಲಿ ಎಷ್ಟು ಕೈಗಳು ಕೂಡಿದುವೆಂಬುದನ್ನು ಎಣಿಸಿ ನೋಡೋಣ. ಮೂಲಕಥೆ ರಡ್ಯಾರ್ಡ್ ಕಿಪ್ಲಿಂಗನದು. ಅದನ್ನು ದೃಶ್ಯಗಳಾಗಿ ವಿಂಗಡಿಸಿ ಚಿತ್ರಕಥೆಯನ್ನು ಬರೆದವರಲ್ಲಿ ಜಾನ್ ಕಾಲಿಯರ್ ಒಬ್ಬರು. ಹಣವನ್ನು ಒದಗಿಸಿ ಕೆಲಸವನ್ನು ನಡೆಸಿದ ನಿರ್ಮಾಪಕರು ಅಲೆಕ್ಸಾಂಡರ್ ಕೊರ್ಡಾ. ನಮ್ಮ ಕಾಡಿನ ಬೆಳಕನ್ನು ಫಿಲ್ಮಿನ ಮೇಲೆ ಹಿಡಿದ ಛಾಯಾಗ್ರಾಹಕರು ಆಸ್ಮಂಡ್ ಬೊರಡೇಲ್. ತೆಗೆದ ತುಣುಕುಗಳನ್ನು ಆರಿಸಿ ಜೋಡಿಸಿದ ಸಂಕಲನಕಾರರು ಚಾರ್ಲ್ಸ್ ಕ್ರೈಟನ್. ಸಂಗೀತವನ್ನು ಕಟ್ಟಿದವರು ಜಾನ್ ಗ್ರೀನ್‌ವುಡ್. ನಿರ್ದೇಶಕರಾದರೋ ಒಬ್ಬರಲ್ಲ, ಇಬ್ಬರು. ಪಾಠದ ಸಾರವು ಇಲ್ಲಿಯೇ ಇರುವುದು.

ಫ್ಲಾಹರ್ಟಿಯವರು ಉತ್ತರ ಧ್ರುವಪ್ರಾಂತದ ಜನರನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ (೧೯೨೨) ಎಂಬ ಚಿತ್ರದಿಂದ ಪ್ರಸಿದ್ಧರಾಗಿದ್ದರು. ಒಂದು ನಾಡಿಗೆ ಹೋಗಿ, ಅಲ್ಲಿಯೇ ಬಹುಕಾಲ ವಾಸಿಸಿ, ಕಂಡುದರಿಂದಲೇ ಕಥೆಯನ್ನು ಹೆಕ್ಕುವುದು ಅವರ ಪದ್ಧತಿ. ಮೈಸೂರಿನಲ್ಲಿಯೂ ಅವರು ಹಾಗೆಯೇ ಮಾಡಿದರು. ಲಂಡನ್ನಿನಲ್ಲಿದ್ದ ನಿರ್ಮಾಪಕರಿಗಾದರೋ ಗಟ್ಟಿಯಾದ ಕಥೆ ಬೇಕಾಗಿದ್ದಿತು. ಆದುದರಿಂದ ಇಂಗ್ಲೆಂಡಿನ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಮತ್ತಷ್ಟು ದೃಶ್ಯಗಳನ್ನು ಝೋಲ್ಟನ್ ಕೊರ್ಡಾ ಅವರು ತೆಗೆದರು. ಎರಡನ್ನೂ ಹೊಲಿದು ಒಂದು ಮಾಡಲಾಯಿತು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ಸೇರಿಯೇ ನಿರ್ದೇಶನದ ಬಹುಮಾನ ಬಂದಿತು. ಆದರೂ ಗಮನವಿಟ್ಟು ನೋಡಿದವರಿಗೆ ಹೊಲಿಗೆಯು ಕಾಣದೆ ಇರದು. ಆನೆಯ ಮೈ ತೊಳೆಯುವ ಬಾಲಕನೂ ಹೊಳೆಯ ನೀರೂ ಒಂದು ಲೋಕ. ಪೀಟರ್ಸನ್ ಸಾಹೇಬರ ಶಿಬಿರದ ಮಾತುಕತೆ ಇನ್ನೊಂದು ಲೋಕ. ‘ನಿರ್ದೇಶನ’ವೆಂದರೇನೆಂದು ಕೇಳುವ ವಿದ್ಯಾರ್ಥಿನಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ. ಅದೇ ಕಥೆ, ಅದೇ ಬಾಲಕ. ಆರಿಸುವ ಮನಸ್ಸು ಬೇರೆಯಾದೊಡನೆ ಚಿತ್ರವೇ ಬೇರೆಯಾಗುವುದು.

ಫ್ಲಾಹರ್ಟಿಯವರದು ಸತ್ಯ, ಕೊರ್ಡಾ ಅವರದು ಕಲ್ಪನೆ ಎಂದು ಬೇಗನೆ ತೀರ್ಮಾನಿಸಿಬಿಡಲೂ ಕೂಡದು. ‘ನಾನೂಕ್’ ಚಿತ್ರದಲ್ಲಿ ಹಿಮದ ಮನೆಯೊಳಗಿನ ದೃಶ್ಯಕ್ಕೆ ಬೆಳಕು ಸಾಲದೆ, ಒಂದು ಪಕ್ಕವನ್ನು ತೆರೆದಿಟ್ಟ ದೊಡ್ಡ ಹಿಮಗೃಹವನ್ನು ಬೇರೆಯಾಗಿಯೇ ಕಟ್ಟಿಸಿದ್ದರು. ಕಂಡುದನ್ನು ಕಂಡಂತೆ ತೋರಿಸುವೆವೆನ್ನುವವರೂ ಕಟ್ಟಿಯೇ ತೋರಿಸುವರು.

ಇನ್ನು ಎರಡನೆಯ ಪ್ರಶ್ನೆ: ಬಿಟ್ಟುದು ಏನು? ಚಿತ್ರಕ್ಕೆ ಹಿನ್ನೆಲೆಯಾದ ಕಾಕನಕೋಟೆಯ ಖೆಡ್ಡಾವನ್ನು ನಮ್ಮ ಹಿರಿಯರಲ್ಲಿ ಕಂಡವರುಂಟು. ಕಾಡಾನೆಗಳ ಜಾಡನ್ನು ಹಿಡಿದವರು, ತಮಟೆಯನ್ನೂ ಬೆಂಕಿಯನ್ನೂ ಹಿಡಿದು ಹಿಂಡನ್ನು ಹೊಳೆಯ ಕಡೆಗೆ ಅಟ್ಟಿದವರು, ಪಳಗಿದ ಆನೆಗಳ ಮೇಲೆ ಕುಳಿತು ಹಗ್ಗ ಹಾಕಿದವರು ಜೇನುಕುರುಬರು, ಕಾಡುಕುರುಬರು, ಮಾವುತರು, ಕಾವಾಡಿಗರು. ಅವರ ಕೆಲಸವಿಲ್ಲದಿದ್ದರೆ ಆ ಕಾಡಿನಲ್ಲಿ ಒಂದು ಅಡಿ ಫಿಲ್ಮನ್ನೂ ತೆಗೆಯಲಾಗುತ್ತಿರಲಿಲ್ಲ. ಪರದೆಯ ಮೇಲೆ ಅವರ ಮುಖಗಳಿರುವುವು, ಹೆಸರುಗಳಿಲ್ಲ. ಸಾಬುವಿನ ಹೆಸರು ಮಾತ್ರ ಲೋಕಪ್ರಸಿದ್ಧವಾಯಿತು. ಅವನು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ, ‘ದಿ ಥೀಫ್ ಆಫ್ ಬಾಗ್ದಾದ್’ (೧೯೪೦), ‘ಜಂಗಲ್ ಬುಕ್’ (೧೯೪೨) ಮೊದಲಾದ ಚಿತ್ರಗಳಲ್ಲಿ ನಟಿಸಿ, ೧೯೬೩ರಲ್ಲಿ ತನ್ನ ೩೯ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಕಾಕನಕೋಟೆಯ ಕಡೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ೧೯೭೪ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಕಾಡಿನ ಬಹುಭಾಗವು ನೀರಿನಡಿಯಲ್ಲಿ ಸೇರಿತು. ಕಾಡಾನೆಯನ್ನು ಅಟ್ಟಿ ಹಿಡಿಯುವ ಪದ್ಧತಿಯಲ್ಲಿದ್ದ ಹಿಂಸೆಯನ್ನು ಇಂದು ಯಾರೂ ಮೆಚ್ಚುವುದಿಲ್ಲ. ಆದರೂ ನೀರಿನಡಿಯಾದ ಒಂದು ಸೀಮೆಯ ಚಲಿಸುವ ರೂಪವು ಆ ಚಿತ್ರದಲ್ಲಿ ಉಳಿದಿರುವುದು. ಸಾಹಸದ ಕಥೆಯೆಂದು ತೆಗೆದುದು ತಾನೇ ಸಾಕ್ಷಿಯಾಗಿ ಮಾರ್ಪಟ್ಟಿತು. ಅದೇ ಕಾಡನ್ನು ಕನ್ನಡಿಗರೇ ನೋಡಿದಾಗ ಏನು ಕಂಡಿತೆಂಬುದನ್ನು ತಿಳಿಯಬೇಕೆಂದಿರುವವರು ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹ ಅವರು ನಿರ್ದೇಶಿಸಿದ ‘ಕಾಕನಕೋಟೆ’ (೧೯೭೭) ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ಕಾಡಿನವರು ಹಿನ್ನೆಲೆಯಾಗಿರದೆ ಕಥೆಯ ನಡುವೆಯೇ ನಿಂತಿರುವರು. ಸಿ. ಅಶ್ವತ್ಥ್ ಅವರು ಚಿತ್ರಕ್ಕೆ ಸಂಗೀತವನ್ನು ಕೊಡಲು ತೊಡಗಿದುದೂ ಅದರಿಂದಲೇ.

ನಟನು ನಿರ್ಮಾಪಕನಾದುದು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಹೆಸರನ್ನು ಕೇಳಿದೊಡನೆ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ನೆನಪಾಗುವುದು. ಅವರ ತಮ್ಮಂದಿರಾದ ಡಿ. ಕೆಂಪರಾಜ ಅರಸರು ಕನ್ನಡ ಚಿತ್ರರಂಗದ ಮೊದಲ ತಲೆಮಾರಿನವರೆಂಬುದನ್ನು ಬಲ್ಲವರು ಕಡಮೆ. ೧೯೪೨ರಲ್ಲಿ ‘ಜೀವನ ನಾಟಕ’ದಲ್ಲಿ ನಟಿಸಿದ ಅವರು, ೧೯೪೭ರ ‘ಕೃಷ್ಣಲೀಲಾ’ ಚಿತ್ರದ ನಿರ್ಮಾಣಕ್ಕೂ ಕೈಹಾಕಿದರು. ೧೯೫೦ರ ‘ರಾಜಾ ವಿಕ್ರಮ’ಕ್ಕೆ ನಿರ್ದೇಶಕರೂ ಆದರು.

ನಿರ್ಮಾಪಕನೆಂದರೆ ಹಣವಂತನೆಂದಷ್ಟೇ ತಿಳಿಯುವುದು ಸಾಮಾನ್ಯ. ಮದುವೆಯ ಮನೆಯ ಯಜಮಾನನಿಗೆ ಅವನನ್ನು ಹೋಲಿಸುವುದು ಹೆಚ್ಚು ಸರಿ. ಯಾವ ಕಥೆ, ಯಾವ ನಿರ್ದೇಶಕ, ಎಷ್ಟು ದಿನ, ಎಷ್ಟು ವೆಚ್ಚ ಎಂಬುದನ್ನು ಗೊತ್ತುಮಾಡಿ, ಬಂದವರಿಗೆ ಊಟ ವಸತಿಗಳನ್ನು ಒದಗಿಸಿ, ಮಳೆ ಬಂದು ಕೆಲಸ ನಿಂತರೂ ಕೂಲಿಯನ್ನು ಕೊಟ್ಟು, ಕಡೆಗೆ ಚಿತ್ರವನ್ನು ಊರೂರಿಗೆ ತಲಪಿಸುವ ಭಾರವೂ ಅವನದೇ. ನೋಡುವವರು ಬಾರದಿದ್ದರೆ ಮೊದಲು ಸಾಲಗಾರನಾಗುವವನೂ ಅವನೇ. ಅಗ್ಗದ ಚಿತ್ರಗಳೇ ಏಕೆ ಬರುವುವೆಂದು ದೂರುವ ನಾವು, ಒಳ್ಳೆಯದು ಬಂದಾಗ ಹೋಗಿ ನೋಡಿದೆವೇ ಎಂದು ಕೇಳಿಕೊಳ್ಳುವುದೂ ನ್ಯಾಯ.

ಕಣಗಾಲಿನ ನಿರ್ದೇಶಕರೂ ಮೈಸೂರಿನ ಲೇಖಕಿಯೂ

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ೧೯೩೩ರಲ್ಲಿ ಜನಿಸಿದ ಪುಟ್ಟಣ್ಣನವರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಪುಟ್ಟಣ್ಣ ಕಣಗಾಲ್ ಎಂದು ಪ್ರಸಿದ್ಧರಾದರು. ಬಿ. ಆರ್. ಪಂತುಲು ಅವರಲ್ಲಿ ಸಹಾಯಕರಾಗಿದ್ದು ಕೆಲಸವನ್ನು ಕಲಿತು, ೧೯೬೪ರಲ್ಲಿ ಮಲಯಾಳದ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ನಿರ್ದೇಶಿಸಿ, ೧೯೬೭ರಲ್ಲಿ ‘ಬೆಳ್ಳಿಮೋಡ’ದಿಂದ ಕನ್ನಡದಲ್ಲಿ ಕಾಲಿಟ್ಟರು. ೧೯೮೫ರಲ್ಲಿ ಅವರು ತೀರಿಕೊಂಡರು. ಇಂದು ಕರ್ನಾಟಕ ಸರ್ಕಾರವು ನಿರ್ದೇಶಕರಿಗೆ ಕೊಡುವ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ.

‘ಬೆಳ್ಳಿಮೋಡ’ದ ಕಥೆ ತ್ರಿವೇಣಿಯವರ ಕಾದಂಬರಿಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದ್ದ ಈ ಲೇಖಕಿಯು ೧೯೬೩ರಲ್ಲಿಯೇ, ೩೫ ತುಂಬುವುದಕ್ಕೆ ಮುಂಚೆ, ತೀರಿಕೊಂಡುದರಿಂದ ತಮ್ಮ ಕಥೆಯನ್ನು ಪರದೆಯ ಮೇಲೆ ಕಾಣಲಿಲ್ಲ. ಏಕಮಾತ್ರ ಪುತ್ರಿಯೆಂದು ಆಸ್ತಿಗೆ ಒಡತಿಯಾಗುವ ಇಂದಿರೆಯನ್ನು ಮದುವೆಯಾಗಲು ಒಪ್ಪಿದ ಯುವಕನು, ಅವಳ ತಂದೆಯ ಹಣದಿಂದಲೇ ವಿದೇಶಕ್ಕೆ ಹೋಗಿ ಓದಿ ಬರುವನು. ಅಷ್ಟರಲ್ಲಿ ಅವಳಿಗೊಬ್ಬ ತಮ್ಮನು ಹುಟ್ಟಿರುವುದರಿಂದ ಯುವಕನ ಮನಸ್ಸು ಬದಲಾಗುವುದು. ಮುಂದೆ ಅವನು ಗಾಯಗೊಂಡು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುವಳು. ಅವನು ಪಶ್ಚಾತ್ತಾಪಪಟ್ಟು ಕೈನೀಡಿದಾಗ ಮಾತ್ರ ಒಲ್ಲೆನೆನ್ನುವಳು. ಮದುವೆಯೇ ಹೆಣ್ಣಿನ ಕಥೆಯ ಮುಕ್ತಾಯವೆಂದು ನಂಬಿದ್ದ ಕಾಲದಲ್ಲಿ ಈ ‘ಒಲ್ಲೆ’ ಎಂಬುದು ಸಣ್ಣ ಮಾತಲ್ಲ.

ಕಾದಂಬರಿಯಲ್ಲಿ ಲೇಖಕಿಯು ‘ಅವಳು ಹೀಗೆಂದುಕೊಂಡಳು’ ಎಂದು ಬರೆಯಬಹುದು. ಕ್ಯಾಮೆರಾಕ್ಕೆ ಮನಸ್ಸಿನ ಒಳಗೆ ಹೋಗುವ ಬಾಗಿಲಿಲ್ಲ. ಒಳಗಿನದನ್ನು ಹೊರಗಿನ ವಸ್ತುವಿನಿಂದ ತೋರಿಸುವುದೇ ನಿರ್ದೇಶಕನ ವಿದ್ಯೆ: ಒಂದು ನೋಟ, ಒಂದು ಮೌನ, ಬೆಟ್ಟದ ಮೇಲೆ ಕವಿದ ಮೋಡ, ಮುಚ್ಚಿದ ಕಿಟಕಿ. ತ್ರಿವೇಣಿಯವರದೇ ಆದ ‘ಶರಪಂಜರ’ವನ್ನು ೧೯೭೧ರಲ್ಲಿ ಚಿತ್ರವಾಗಿಸಿದಾಗ ಪುಟ್ಟಣ್ಣನವರು ಈ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಬಾಣಂತಿತನದ ಅನಂತರ ಮನೋರೋಗಕ್ಕೆ ತುತ್ತಾಗಿ ಗುಣಹೊಂದಿ ಮರಳಿದ ಕಾವೇರಿಯನ್ನು ಮನೆಯವರ ಮತ್ತು ನೆರೆಯವರ ಸಂಶಯವು ಮತ್ತೆ ರೋಗಕ್ಕೆ ನೂಕುವುದು. ಆ ಪಾತ್ರವನ್ನು ಕಲ್ಪನಾ ಅವರು ಅಭಿನಯಿಸಿದರು. ಮನೋರೋಗವು ನಗುವ ವಿಷಯವಲ್ಲ, ಗುಣವಾಗತಕ್ಕ ರೋಗ, ಅದಕ್ಕೆ ಸುತ್ತಣವರ ವಿಶ್ವಾಸವೇ ಪಥ್ಯ ಎಂಬುದನ್ನು ಆ ಚಿತ್ರವು ಭಾಷಣವಿಲ್ಲದೆ ತಿಳಿಸಿತು.

ಪುಟ್ಟಣ್ಣನವರು ‘ಗೆಜ್ಜೆಪೂಜೆ’ಗೆ (೧೯೬೯) ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ತೆಗೆದುಕೊಂಡರು. ಅದೇ ಲೇಖಕಿಯ ‘ಫಣಿಯಮ್ಮ’ವನ್ನು ೧೯೮೩ರಲ್ಲಿ ಚಿತ್ರವಾಗಿಸಿದವರು ಪ್ರೇಮಾ ಕಾರಂತರು. ಅಲ್ಲಿ ಬಾಲವಿಧವೆಯ ಕಥೆಯನ್ನು ಬರೆದವಳೂ ಹೆಣ್ಣು, ನಿರ್ದೇಶಿಸಿದವಳೂ ಹೆಣ್ಣು. ಈ ಕ್ಷೇತ್ರದಲ್ಲಿ ಹೆಣ್ಣಿಗೆ ನಟನೆಯೊಂದೇ ಕೆಲಸವೆಂಬ ಮಾತನ್ನು ಇನ್ನು ಬಿಡಬಹುದು. ೧೯೧೩ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ವನ್ನು ತೆಗೆದಾಗ ಸ್ತ್ರೀಪಾತ್ರಗಳಿಗೂ ಗಂಡಸರೇ ಬಣ್ಣ ಹಚ್ಚಿಕೊಂಡರು, ಆದರೆ ಪರದೆಯ ಹಿಂದೆ ಫಿಲ್ಮಿಗೆ ರಂಧ್ರವನ್ನು ಕೊರೆಯುವುದು, ರಾಸಾಯನಿಕಗಳನ್ನು ಬೆರಸುವುದು ಮೊದಲಾದ ಕೆಲಸಗಳಲ್ಲಿ ಅವರ ಪತ್ನಿ ಸರಸ್ವತೀಬಾಯಿಯವರ ಕೈಯಿದ್ದಿತು. ಕಾಣಿಸಿಕೊಳ್ಳುವುದಕ್ಕಿಂತ ಮೊದಲೇ ಹೆಣ್ಣು ಚಿತ್ರವನ್ನು ಮಾಡುತ್ತಿದ್ದಳು.

ಚುಂಚನಕಟ್ಟೆಯಲ್ಲಿ ಒಂದು ಅಭ್ಯಾಸ

ಉಳಿದ ಮೂರು ವಿದ್ಯೆಗಳಾದ ಛಾಯಾಗ್ರಹಣ, ಶಬ್ದಗ್ರಹಣ, ಸಂಕಲನಗಳನ್ನು ಮಾಡಿಯೇ ಕಲಿಯಬೇಕು. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ನಡುವೆ ಧುಮುಕುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದನ್ನು ಚಿತ್ರಿಸಬೇಕೆಂದು ಎಣಿಸಿಕೊಳ್ಳೋಣ.

ಕ್ಯಾಮೆರಾವನ್ನು ಎಲ್ಲಿ ಇಡಬೇಕು? ಮೇಲಿನಿಂದ ನೋಡಿದರೆ ನದಿಯು ಆಟದ ವಸ್ತುವಿನಂತೆ ತೋರುವುದು. ಕೆಳಗಿನಿಂದ ನೋಡಿದರೆ ಭಯವನ್ನು ಹುಟ್ಟಿಸುವುದು. ಬೆಳಗಿನ ಓರೆಬಿಸಿಲಿನಲ್ಲಿ ತುಂತುರು ಬೆಳಗುವುದು. ನಡುಹಗಲಿನಲ್ಲಿ ಬಂಡೆಯೂ ನೀರೂ ಒಂದೇ ಬಿಳುಪಾಗುವುವು. ನಿಲ್ಲುವ ಸ್ಥಳವನ್ನೂ ಬೆಳಕಿನ ಗಳಿಗೆಯನ್ನೂ ಆರಿಸುವುದೇ ಛಾಯಾಗ್ರಾಹಕನ ಬುದ್ಧಿ. ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ವಿ. ಕೆ. ಮೂರ್ತಿಯವರು ಗುರುದತ್ತರ ‘ಕಾಗಜ್ ಕೇ ಫೂಲ್’ (೧೯೫೯) ಚಿತ್ರದಲ್ಲಿ ಬೆಳಕಿನ ಒಂದು ಕಿರಣದಿಂದಲೇ ದುಃಖವನ್ನು ಬರೆದರು. ೨೦೦೮ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಅವರು ಆ ಗೌರವವನ್ನು ಹೊಂದಿದ ಮೊದಲನೆಯ ಛಾಯಾಗ್ರಾಹಕರು.

ಶಬ್ದದ ವಿಷಯಕ್ಕೆ ಅಲ್ಲಿಯ ಕೋದಂಡರಾಮನ ಗುಡಿಯೇ ಪಾಠವನ್ನು ಹೇಳುವಂತಿದೆ. ಗುಡಿಯ ಸುತ್ತಲೆಲ್ಲ ಕೇಳುವ ನೀರಿನ ಭೋರ್ಗರೆತವು ಗರ್ಭಗುಡಿಯೊಳಗೆ ಕೇಳಿಸದೆಂದು ಜನರು ಹೇಳುವುದುಂಟು. ಚಿತ್ರದಲ್ಲಿಯೂ ಹಾಗೆಯೇ: ಇರುವ ಶಬ್ದವನ್ನೆಲ್ಲ ತುಂಬುವವನು ಶಬ್ದಗ್ರಾಹಕನಲ್ಲ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವನು. ಒಬ್ಬ ತಾಯಿಯು ಹೊಳೆಯ ದಡದಲ್ಲಿ ಮಗುವನ್ನು ಹುಡುಕುತ್ತಿರುವಾಗ ಜಲಪಾತದ ಶಬ್ದವು ಥಟ್ಟನೆ ನಿಂತುಹೋದರೆ ನಮ್ಮ ಎದೆ ನಡುಗುವುದು. ನಿಂತುದು ನೀರಲ್ಲ, ಅವಳ ಕಿವಿ.

ಸಂಕಲನಕ್ಕೆ ಮೂರು ತುಣುಕುಗಳು ಸಾಕು. ಒಂದನೆಯದು ತಾಯಿಯ ಮುಖ. ಎರಡನೆಯದು ಸುಳಿಯುವ ನೀರು. ಮೂರನೆಯದು ದಡದಲ್ಲಿ ನಗುತ್ತ ನಿಂತ ಮಗು. ಈ ಅನುಕ್ರಮದಲ್ಲಿ ನೋಡಿದವರಿಗೆ ಭಯವು ಹುಟ್ಟಿ ಸಮಾಧಾನದಲ್ಲಿ ಮುಗಿಯುವುದು. ಮಗು, ನೀರು, ತಾಯಿಯ ಮುಖವೆಂದು ಬದಲಿಸಿದರೆ ಅವೇ ತುಣುಕುಗಳು ಸಾವನ್ನು ಸೂಚಿಸುವುವು. ಒಂದು ಅಕ್ಷರವನ್ನೂ ಹೊಸದಾಗಿ ಬರೆದಿಲ್ಲ, ಒಂದು ಚಿತ್ರವನ್ನೂ ಹೊಸದಾಗಿ ತೆಗೆದಿಲ್ಲ. ಅನುಕ್ರಮವಷ್ಟೇ ಬದಲಾಗಿ ಅರ್ಥವು ತಲೆಕೆಳಗಾಯಿತು. ಇಂದು ಕೈಯಲ್ಲಿರುವ ಫೋನಿನಿಂದಲೇ ಇದನ್ನು ಮಾಡಿ ನೋಡಬಹುದು. ಒಮ್ಮೆ ಮಾಡಿದ ಹುಡುಗಿಯನ್ನು ತುಣುಕು ಚಿತ್ರಗಳಿಂದ ಮೋಸಗೊಳಿಸುವುದು ಅಷ್ಟು ಸುಲಭವಲ್ಲ.

ತಾಯ್ತಂದೆಗಳಿಗೆ ಒಂದು ಮಾತು

ಹೆಣ್ಣುಮಕ್ಕಳು ಸಿನಿಮಾ ನೋಡಬೇಕೇ ಬೇಡವೇ ಎಂಬುದು ಒಂದು ಕಾಲದಲ್ಲಿ ಮನೆಗಳಲ್ಲಿ ನಡೆಯುತ್ತಿದ್ದ ವಾದ. ಇಂದು ಚಿತ್ರವು ಮನೆಯೊಳಗೇ, ಅಂಗೈಯ ಮೇಲೆಯೇ ಬಂದು ಕುಳಿತಿರುವಾಗ ಆ ವಾದಕ್ಕೆ ಅರ್ಥವಿಲ್ಲ. ತಡೆಯುವುದರಿಂದ ಆಗದ ಕೆಲಸವನ್ನು ಕಲಿಸುವುದರಿಂದ ಮಾಡಬಹುದು. ಚಿತ್ರವು ಮುಗಿದೊಡನೆ ಎದ್ದುಹೋಗದೆ ಹೆಸರುಗಳ ಪಟ್ಟಿಯನ್ನು ಕಡೆಯವರೆಗೂ ಮಕ್ಕಳೊಡನೆ ಓದಿರಿ. ಈ ಚಿತ್ರವು ಯಾವ ಜಾತಿಯದು, ಕೊಟ್ಟ ಮಾತನ್ನು ನಡೆಸಿತೇ? ಕಥೆ ಯಾರದು? ಯಾರ ಕಣ್ಣಿನಿಂದ ನೋಡಿದೆವು? ಯಾರಿಗೆ ಮಾತು ಸಿಕ್ಕಿತು, ಯಾರು ಬರಿಯ ಹಿನ್ನೆಲೆಯಾದರು? ಈ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಕೇಳಿರಿ. ಉತ್ತರವು ಸರಿಯೋ ತಪ್ಪೋ ಮುಖ್ಯವಲ್ಲ; ಕೇಳುವ ಅಭ್ಯಾಸವು ಮುಖ್ಯ.

ಮಗಳೊಬ್ಬಳು ಚಿತ್ರವಿದ್ಯೆಯನ್ನೇ ಕಲಿಯುವೆನೆಂದರೆ ಹೆದರಬೇಕಾದುದೂ ಇಲ್ಲ. ಬರೆಯುವುದು, ಬೆಳಕನ್ನು ಅಳೆಯುವುದು, ಶಬ್ದವನ್ನು ಹಿಡಿಯುವುದು, ಜೋಡಿಸುವುದು, ಲೆಕ್ಕವನ್ನಿಡುವುದು, ಉಡುಪನ್ನು ಹೊಲಿಯುವುದು, ಇವೆಲ್ಲವೂ ಶ್ರಮದಿಂದ ಬರುವ ಗೌರವದ ಕಸುಬುಗಳು. ಕಣಗಾಲಿನ ಹುಡುಗನಿಗೆ ಸಾಧ್ಯವಾದುದು ಹುಣಸೂರಿನ ಅಥವಾ ಕೋಟೆಯ ಹುಡುಗಿಗೆ ಅಸಾಧ್ಯವೆನ್ನಲು ಕಾರಣವಿಲ್ಲ. ಕಾರಾಪುರದ ಕಾಡನ್ನು ಹೊರಗಿನವರು ಬಂದು ಚಿತ್ರಿಸಿದರು. ತಮಟೆ ಹಿಡಿದವರ ಹೆಸರನ್ನು ಬರೆದುಕೊಳ್ಳಲಿಲ್ಲ. ನಮ್ಮ ಹೊಳೆ, ನಮ್ಮ ಸಂತೆ, ಹೊಗೆಸೊಪ್ಪಿನ ಬೇರನ್ನು ಕಾಯುವ ನಮ್ಮ ಹೆಂಗಸರು, ಹಾಡಿಯ ಮಕ್ಕಳು, ಇವರನ್ನು ಚಿತ್ರಿಸುವ ಕೆಲಸವು ಇನ್ನೂ ಬಹಳವಾಗಿ ಉಳಿದಿರುವುದು. ಅದನ್ನು ಕೈಕೊಳ್ಳುವವಳು ಎಲ್ಲರ ಹೆಸರನ್ನೂ ಕೇಳಿ ಬರೆದುಕೊಳ್ಳಲಿ.